ಹಿಂದಿನ ಟೇಬಲ್ಲಿನ ಅಧ್ಯಕ್ಷರು

ಗೆಳೆಯರೇ, ಹೋಟೆಲಿನಲ್ಲಿ ರಾಜಕೀಯ ಮಾತಾಡುವ ಮುಂಚೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಿಕೊಳ್ಳಿ.

ಇವತ್ತು ಮಧ್ಯಾಹ್ನ ನಾವಿರುವ ಈ ಪರದೇಶದ ಬ್ರಿಕ್‌ಫೀಲ್ಡ್ಸಿನಲ್ಲಿ, ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನ ಟೀವಿಯಲ್ಲಿ ಯಾವುದೋ ದೇಶದ ಹೊಸ ಅಧ್ಯಕ್ಷರು ಆರಿಸಿದ ಮಂತ್ರಿಗಳ ಸುದ್ದಿ ಬರುತ್ತಿತ್ತು. ಯಾವ ದೇಶವೆಂದು ನೋಡುವ ಮೊದಲೇ ನನ್ನ ಅಭಿಪ್ರಾಯ ಸಿದ್ಧವಾಗಿತ್ತು.

"ಅನುಭವಾನೇ ಇಲ್ದೋರಿಗೆಲ್ಲ ಖಾತೆ! ಹಣಕಾಸಿಗೆ ಸ್ವಂತ ಬಾಮೈದ! ನಾಚಿಕೆ ಆಗಲ್ವಾ?" ಎಂದು ಜೊತೆಗಿದ್ದ ಸ್ನೇಹಿತನಿಗೆ ಜೋರಾಗಿಯೇ ಹೇಳಿದೆ.

ಹಿಂದಿನಿಂದ ಕೆಮ್ಮು ಕೇಳಿಸಿತು. ನಮ್ಮ ಕನ್ನಡ ಸಂಘದ ಹೊಸ ಅಧ್ಯಕ್ಷರು! ಪಕ್ಕದಲ್ಲಿ ನಿನ್ನೆ ತಾನೇ ಖಜಾಂಚಿಯಾದ ಅವರ ಬಾಮೈದ. ಸಾಲದ್ದಕ್ಕೆ ಅಧ್ಯಕ್ಷರು ಆಫೀಸಿನಲ್ಲಿ ನನ್ನ ಮ್ಯಾನೇಜರ್. ನನ್ನ ವೀಸಾ ನವೀಕರಣ ಅವರ ಸಹಿಗೆ ಕಾಯುತ್ತಿದೆ.

"ಯಾರ ವಿಷಯ ಇದು?" ಎಂದರು ಅಧ್ಯಕ್ಷರು.

"ಟೀವೀಲಿ ಬರ್ತಿದೆ ನೋಡಿ ಸರ್..."

ಅಷ್ಟರಲ್ಲಿ ಟೀವಿಯಲ್ಲಿ ಬ್ಯಾಡ್ಮಿಂಟನ್ ಶುರುವಾಗಿತ್ತು.

"ರಾಜ್ಯೋತ್ಸವದ ಊಟದ ಖಾತೆ ಖಾಲಿ ಇದೆ. ನೀವೇ ನೋಡ್ಕೊಳ್ಳಿ."

"ಸರ್, ನನಗೆ ಅನುಭವ ಇಲ್ಲ..."

"ನಮ್ಮ ಸಂಪುಟದಲ್ಲಿ ಅದನ್ನ ಯಾರು ಕೇಳ್ತಾರೆ?"

ಮನೆಗೆ ಬಂದ ಕೂಡಲೇ ಇದನ್ನು ಬರೆಯುತ್ತಿದ್ದೇನೆ. ರಾಜ್ಯೋತ್ಸವಕ್ಕೆ ಬರುವ ಇಡೀ ಸಂಘಕ್ಕೆ ಬಿಸಿಬೇಳೆಬಾತ್ ಮಾಡಬಲ್ಲವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಿಮ್ಮ ಬಾಮೈದನಾದರೂ ಪರವಾಗಿಲ್ಲ.