ಕರಿ ಕೋಟು ತೊಟ್ಟು ಸಿದ್ದಾಪುರಕ್ಕೆ ಹೋದದ್ದು

ತೊಂಬತ್ತರ ದಶಕದ ನಡುವೆ, ಶಿರಸಿಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಾಗ, ಒಂದು ಸೇಡಿನ ಸಿನಿಮಾವನ್ನು ನಾಲ್ಕು ಸಲ ನೋಡಿದೆ. ನಾಯಕ ಕೌಬಾಯ್‌ಗಳ ಹಾಗೆ ಮೊಣಕಾಲು ದಾಟುವ ಕರಿ ಕೋಟು ತೊಟ್ಟು ಧೂಳಿನ ಬೀದಿಯಲ್ಲಿ ಒಬ್ಬನೇ ನಡೆದು ಬರುತ್ತಿದ್ದ. ಅವಸರವಿಲ್ಲ, ಕೂಗಾಟವಿಲ್ಲ. ಬೆಂಕಿಕಡ್ಡಿ ಗೀರಿದರೂ ಅದರಲ್ಲೊಂದು ಠೀವಿ. ಬೇರೆ ಸಿನಿಮಾಗಳ ನಾಯಕರು ಹೊಡೆಯುವ ಮೊದಲು ಉದ್ದುದ್ದ ಮಾತಾಡುತ್ತಿದ್ದರು. ಇವನು ಸುಮ್ಮನೆ ನೋಡುತ್ತಿದ್ದ. ಯಾರ ಮುಂದೆಯೂ ಬಾಯಿ ಬಾರದ ನನಗೆ ಆ ಮೌನವೇ ಶೌರ್ಯವಾಗಿ ಕಂಡಿತು. ಬಸ್‌ಸ್ಟ್ಯಾಂಡ್ ಹತ್ತಿರದ ದರ್ಜಿಯ ಬಳಿ ಅಂಥದ್ದೇ ಕೋಟು ಹೊಲಿಸಿಕೊಂಡೆ. "ಈ ಸೆಕೆಗೆ ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತೀರಿ?" ಎಂದು ಆತ ನಕ್ಕಿದ್ದ.

ಅದೇ ತಿಂಗಳು ಅಕ್ಕನಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿಯಿತು. ಹುಡುಗ ದೂರದ ನೆಂಟ, ಸಿದ್ದಾಪುರದಲ್ಲಿ ಪುಸ್ತಕದಂಗಡಿ ಇಟ್ಟಿದ್ದ. ತನಗೀಗ ಮದುವೆ ಬೇಡ ಎಂದಷ್ಟೇ ಹೇಳಿ ಕಳಿಸಿದ್ದ. ಅಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅಕ್ಕ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ನನಗೆ ಅಷ್ಟು ಸಾಕಾಯಿತು.

ಕೋಟು ತೊಟ್ಟು ಮಧ್ಯಾಹ್ನದ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಶಾಲೆಯ ಹುಡುಗಿಯರಿಬ್ಬರು ನೋಟುಬುಕ್ಕು ಕೊಳ್ಳುತ್ತಿದ್ದರು. ನನ್ನನ್ನು ಕಂಡು ಅವನು ಎದ್ದು ನಿಂತ.

"ಬಾ ಬಾ, ಆಸ್ರಿಗೆ ಎಂತ ಕುಡಿತೆ?"

ಬಾಯಾರಿಕೆಗೆ ಏನು ಬೇಕೆಂದು ಕೇಳಿದವನತ್ತ ನಿಧಾನವಾಗಿ ನಡೆದು ಹೋಗಿ, ಕೆನ್ನೆಗೆ ಬಾರಿಸಿದೆ. ಕನ್ನಡಕ ಹಾರಿ ಬಿತ್ತು. ಹುಡುಗಿಯೊಬ್ಬಳು ಅದನ್ನು ಎತ್ತಿಕೊಟ್ಟಳು. ಅವನು ಕೈ ಎತ್ತಲಿಲ್ಲ.

"ಮನೆಗೆ ಹೋಗು. ಅಕ್ಕಂಗೆ ಇದನ್ನ ಹೇಳಡ," ಎಂದ.

ಹೇಳಬೇಡವೆಂದರೂ ನಾನು ಅಕ್ಕನಿಗೆ ಹೇಳಿದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ. ಅಕ್ಕನ ಮುಖ ಬಿಳಿಚಿಕೊಂಡಿತು.

"ಎಂತ ಮಾಡ್ಬಿಟ್ಯೋ ತಮಾ! ಬ್ಯಾಡ ಹೇಳಿ ಅಂವಂಗೆ ಕಾಗದ ಬರದ್ದು ಆನೇ. ಅಪ್ಪಯ್ಯಂಗೆ ಹೆದ್ರಿ, ತಪ್ಪು ನೀನೇ ಹೊತ್ಗ ಹೇಳಿ ಬೇಡ್ಕಂಡಿದ್ದಿ." ಕಾಗದ ಬರೆದು ಸಂಬಂಧ ಬೇಡವೆಂದವಳು ಅಕ್ಕನೇ; ಅವಳಿಗಾಗಿ ತಪ್ಪು ಹೊತ್ತವನಿಗೆ ನಾನು ಹೊಡೆದಿದ್ದೆ.

ಮರುವಾರ ಕ್ಷಮೆ ಕೇಳಲೆಂದೇ ಸಿದ್ದಾಪುರಕ್ಕೆ ಹೋದೆ. ಅಂಗಡಿಯ ಎದುರಿನ ಹೋಟೆಲಿನಲ್ಲಿ ಕೂತು ಎರಡು ಚಹಾ ಕುಡಿದೆ. ಅವನು ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿಕೊಂಡಿದ್ದು ರಸ್ತೆಯ ಈಚೆಗೂ ಕಾಣುತ್ತಿತ್ತು. ರಸ್ತೆ ದಾಟಲಿಲ್ಲ. ಹಾಗೇ ಹಿಂತಿರುಗಿದೆ.

ಎರಡು ವರ್ಷಗಳ ನಂತರ ಅಕ್ಕನಿಗೆ ಯಲ್ಲಾಪುರದ ಕಡೆ ಮದುವೆಯಾಯಿತು. ಅವನೂ ಬಂದಿದ್ದ. ಪಂಕ್ತಿಯಲ್ಲಿ ಕೂತವನ ಎಲೆಗೆ ನಾನೇ ಹೋಳಿಗೆ ಬಡಿಸಬೇಕಾಯಿತು. ತಲೆಯೆತ್ತಿ ನೋಡಿ, ಏನೂ ಆಗಿಲ್ಲವೆಂಬಂತೆ ನಕ್ಕ. "ಒಂದೇ ಸಾಕು," ಎಂದ.

ಕ್ಷಮೆ ಕೇಳುವ ಬದಲು ಎರಡು ಹಾಕಿ, ಮುಂದಿನ ಎಲೆಗೆ ಸರಿದುಬಿಟ್ಟೆ.