ಅಮಲ್ದಾರರ ಮನೆಯ ಸಮುದ್ರ

ಮಿತ್ರರೇ, ನಂಜನಗೂಡಿನ ಏಕೈಕ ಸಮುದ್ರ ಈ ಬೆಳಿಗ್ಗೆ ಕೆಟ್ಟುಹೋಗಿದೆ. ನಮ್ಮ ಅಮಲ್ದಾರರು ಮದರಾಸಿನಿಂದ ರೈಲಿನಲ್ಲಿ ಕಡಲ ಮೀನು ತರಿಸಿ, ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿಸಿ ಬಿಟ್ಟು ಇನ್ನೂ ವಾರವಾಗಿಲ್ಲ. ನೀರು ಆಗಲೇ ಅಕ್ಕಚ್ಚಿನಂತೆ ಬೆಳ್ಳಗಾಗಿದೆ. ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ನಾನು ಕಚೇರಿಯ ಕಾಗದಗಳಿಗೆ ರುಜು ಹಾಕಿಸಲು ಅಮಲ್ದಾರರ ಮನೆಗೆ ಹೋದಾಗ ಉಪ್ಪಿನ ವ್ಯಾಪಾರಿ ಬಸಪ್ಪ ಅವರೆದುರು ಕೈಕಟ್ಟಿ ನಿಂತಿದ್ದ.

“ಉಪ್ಪಿಗೆ ಸುಣ್ಣ ಬೆರೆಸಿದ್ದೀಯ. ಅಂಗಡಿಗೆ ಬೀಗ ಹಾಕಿಸ್ತೀನಿ,” ಅಂದರು ಅಮಲ್ದಾರರು.

“ನಂಜುಂಡಪ್ಪನಾಣೆ ಇಲ್ಲ ಬುದ್ಧಿ. ಊರೋರೆಲ್ಲ ಇದ್ನೇ ಉಣ್ತಾವ್ರೆ.”

ಅಷ್ಟರಲ್ಲಿ ಅಮಲ್ದಾರರ ಅತ್ತೆ ಬಂದು, ತೊಟ್ಟಿಗೆ ಒಂದು ಹಿಡಿ ಪುರಿ ಹಾಕಿ, ಕೈಮುಗಿದು ಒಳಗೆ ಹೋದರು. ಕಪಿಲೆ ಹೊಳೆಯ ಮೀನಿಗೆ ಪುರಿ ಹಾಕಿದರೆ ಪುಣ್ಯವೆಂದು ನಂಬುವ ಊರು ನಮ್ಮದು. ತೊಟ್ಟಿ ನೋಡಲು ಬಂದವರೆಲ್ಲ ಹಾಗೆಯೇ ಹಾಕಿದ್ದಾರೆ. ತಳದಲ್ಲಿ ಪುರಿ ಕೊಳೆತು ಗಂಜಿಯಾಗಿದೆ.

“ಸ್ವಾಮಿ, ನೀರು ಕೆಡಿಸಿದ್ದು ಪುರಿ,” ಎಂದೆ.

“ಪುರಿ ಹಾಕಿ ಕಪಿಲೆ ಕೆಟ್ಟಿದ್ದಾಳೇನ್ರೀ?”

“ಕಪಿಲೆ ಹರೀತಾಳೆ ಸ್ವಾಮಿ. ಇದು ನಿಂತ ನೀರು.”

ಒಳಮನೆಯಿಂದ ಅತ್ತೆಯ ದನಿ ಬಂತು: “ಪುರಿ ಬೇಡ ಅಂದೋರು ಯಾರು?”

ಅಮಲ್ದಾರರು ತಟ್ಟನೆ ಬಸಪ್ಪನ ಕಡೆ ತಿರುಗಿದರು. “ನಾಳೆ ಬೇರೆ ಉಪ್ಪು ತಗೊಂಡು ಬಾ.”

ತಾಲ್ಲೂಕನ್ನೇ ನಡುಗಿಸುವವರು ಅತ್ತೆಗೆ ಒಂದು ಮಾತು ಹೇಳಲಾರದೆ, ಸಮುದ್ರವನ್ನೇ ಬದಲಾಯಿಸಲು ಹೊರಟಿದ್ದಾರೆ. ಪುಣ್ಯ ಊರಿನವರಿಗೆ, ಬೈಗುಳ ಬಸಪ್ಪನಿಗೆ. ಕೈಲಾಸ ಮಾತ್ರ ಮೀನಿಗೆ.