ಗಾಳಿಯ ಪಾಠ ಹೇಳಿದ ಅಕ್ಕ

ಕಳೆದ ವಾರ ಗೋಕಾಕದ ನಮ್ಮ ಓಣಿಯಲ್ಲಿ ಗಾದಿ ಹೊಲಿಯುವವನು ಹೊಸ ಹತ್ತಿಯ ಚೀಲ ಬಿಚ್ಚಿದ. ಬಿಸಿಲಿಗೆ ಕಾದ ಹತ್ತಿಯ ಆ ಎಣ್ಣೆ ಬೆರೆತ ಧೂಳಿನ ವಾಸನೆ ಮೂಗಿಗೆ ಬಡಿಯಿತು... ಮೂಡಲಗಿ ಕಡೆಯ ಆ ಹತ್ತಿ ಮಿಲ್ಲು, ಅಂಗಳದಲ್ಲಿ ಸೊಂಟಕ್ಕೆ ಸೆರಗು ಬಿಗಿದು ನಿಂತ ಅಕ್ಕ, ಎಲ್ಲ ಒಮ್ಮೆಲೇ ನೆನಪಾಯಿತು.

ಆಗ ನಾನು ಇಂಜಿನಿಯರಾಗಿ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಒಬ್ಬಳೇ ಹೋಗಿ ಮುಗಿಸಬೇಕಾಗಿದ್ದ ಮೊದಲ ಕೆಲಸ ಅದು. ಆ ಮಿಲ್ಲಿನಲ್ಲಿ ಹತ್ತಿಯನ್ನು ಯಾರೂ ಹೊತ್ತು ಒಳಗೆ ಒಯ್ಯುತ್ತಿರಲಿಲ್ಲ. ದೊಡ್ಡ ಫ್ಯಾನೊಂದು ಕೊಳವೆಯೊಳಗಿನ ಗಾಳಿಯನ್ನು ಎಳೆಯುತ್ತಿತ್ತು; ಕೊಳವೆಯ ಬಾಯಿಗೆ ಹತ್ತಿ ಹಿಡಿದರೆ ಅದು ಬೀಜ ಬಿಡಿಸುವ ಯಂತ್ರದ ತನಕ ಹಾರಿಹೋಗುತ್ತಿತ್ತು. ಫ್ಯಾನು ದಿನವಿಡೀ ಒಂದೇ ವೇಗದಲ್ಲಿ ತಿರುಗಿ ಕರೆಂಟು ತಿನ್ನುತ್ತದೆಂದು, ಎಳೆತವನ್ನು ಅಳೆದು ವೇಗವನ್ನು ತಾನೇ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆಯೊಂದನ್ನು ನಾನು ಕೂಡಿಸಿದ್ದೆ.

ಕೊಳವೆಗೆ ಹತ್ತಿ ಉಣಿಸುವ ಹೆಂಗಸರ ಮುಂದಾಳು ಈ ಅಕ್ಕ. ಮಸಗುಪ್ಪಿಯ ಕುರಿ ಕಾಯುವ ಮನೆತನದವಳು. ನಕ್ಕರೆ ಫ್ಯಾನಿನ ಸದ್ದಿನ ಮೇಲೂ ಕೇಳಿಸುತ್ತಿತ್ತು.

ಪೆಟ್ಟಿಗೆ ಕೂಡಿಸಿದ ದಿನವೇ ಕೊಳವೆ ಮೂರು ಸಲ ಕಟ್ಟಿಕೊಂಡಿತು. ಪ್ರತಿ ಸಲ ಫ್ಯಾನು ನಿಲ್ಲಿಸಿ, ಕೊಳವೆ ಬಿಚ್ಚಿ, ಹತ್ತಿಯ ಉಂಡೆಗಳನ್ನು ಕೈಯಿಂದ ಕಿತ್ತು ತೆಗೆಯಬೇಕಾಯಿತು. ಮಾಲೀಕರು ಬಂದು ನೋಡಿದರು.

“ನಾಳೆ ಮಧ್ಯಾಹ್ನದ ತನಕ ನೋಡ್ತೇನ್ರಿ ಬಾಯಾರ. ಆಗಲಿಲ್ಲಂದ್ರ ಬಿಚ್ಚಿಕೊಂಡು ಹೋಗ್ರಿ,” ಅಂದು ಹೋದರು.

ನಾನು ಪೆಟ್ಟಿಗೆಯ ಮುಂದೆ ಕೂತು ಅಂಕಿಗಳನ್ನು ತಿದ್ದುತ್ತಲೇ ಇದ್ದೆ. ಅಕ್ಕ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು.

“ಬಾಯಾರ, ಒಂದ ಮಾತ ಹೇಳ್ಲೇನ್ರಿ? ಸಿಟ್ಟ ಆಗಬಾರದು ಮತ್ತ.”

“ಹೇಳ್ರಿ ಅಕ್ಕಾ.”

“ನಿಮ್ಮ ಪೆಟಗಿ ಉಲ್ಟಾ ಮಾಡಾಕತ್ತೈತ್ರಿ. ಪೈಪ ಕಟ್ಟಾಕ ಹತ್ತಿದಾಗ ಜೋರ ಎಳೀಬೇಕ. ಇದು ಆಗ ಕೈ ಸಡ್ಲ ಬಿಡತೈತಿ. ಫ್ಯಾನಿನ ಸಪ್ಪಳ ಇಳಿಯೂದು ನಮಗ ಅಂಗಳದಾಗ ಕೇಳಸತೈತಿ.”

ನಾನು ನಂಬಲಿಲ್ಲ. ಆಕೆ ಎದ್ದುಹೋಗಿ, ಬೇಕೆಂತಲೇ ತೇವ ಹಿಡಿದ ಹತ್ತಿಯನ್ನು ತಬ್ಬಿ ತಂದು ಕೊಳವೆಗೆ ತುರುಕಿದಳು. ಪರದೆಯ ಮೇಲೆ ಎಳೆತದ ಅಂಕಿ ಏರಿತು. ಏರಿತಲ್ಲ ಎಂದು ಪೆಟ್ಟಿಗೆ ಫ್ಯಾನಿನ ವೇಗ ಇಳಿಸಿತು. ಗಾಳಿ ಕಡಿಮೆಯಾಗಿ ಹತ್ತಿ ಅಲ್ಲೇ ಕೂತಿತು. ಕೊಳವೆ ನಾಲ್ಕನೇ ಸಲ ಕಟ್ಟಿಕೊಂಡಿತು!

“ಕಂಡ್ರಿಲ್ಲೋ?” ಎಂದು ಆಕೆ ನಗುತ್ತಿದ್ದಳು. ಎಳೆತ ಏರಿದ್ದು ಗಾಳಿ ಹೆಚ್ಚಾಗಿ ಅಲ್ಲ, ದಾರಿ ಕಟ್ಟಿಕೊಂಡು ಎಂಬುದು ಅಷ್ಟು ಓದಿದ ನನಗೆ ಹೊಳೆದಿರಲಿಲ್ಲ...

ಮರುದಿನ ಬೆಳಿಗ್ಗೆ ಲೆಕ್ಕಾಚಾರ ಬದಲಿಸಿದೆ. ಎಳೆತ ಒಂದು ಮಿತಿ ದಾಟಿದರೆ ಫ್ಯಾನು ಪೂರ್ತಿ ವೇಗಕ್ಕೆ ಏರಬೇಕು. ಕೊಳವೆಯ ಬಾಯಿಯ ಹತ್ತಿರ ಕೆಂಪು ದೀಪ ಹತ್ತಬೇಕು. ಅದು ಆರುವ ತನಕ ಹೆಂಗಸರು ಹತ್ತಿ ಹಾಕಬಾರದು. ಮಾಲೀಕರ ಎದುರಿಗೇ ಅಕ್ಕ ಮತ್ತೊಂದು ತೆಕ್ಕೆ ಹಸಿ ಹತ್ತಿ ತುರುಕಿದಳು. ದೀಪ ಹತ್ತಿತು. ಹೆಂಗಸರೆಲ್ಲ ಕೈ ಮೇಲೆತ್ತಿ ನಿಂತರು. ಫ್ಯಾನು ಮೊರೆಯಿತು, ಕೊಳವೆ ನಡುಗಿತು, ಧಡ್ ಎಂದು ಹತ್ತಿ ಒಳಗೆ ಹಾರಿತು. ಎಲ್ಲರೂ ಹೋ ಎಂದು ಕೂಗಿದರು.

“ಭೇಷ್ ಬಾಯಾರ! ಭಾಳ ಶಾಣ್ಯಾರ ಇದ್ದೀರಿ,” ಅಂದರು ಮಾಲೀಕರು.

ತಪ್ಪು ಹಿಡಿದದ್ದು ಅಕ್ಕ ಎಂದು ಹೇಳದೆ ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ. ಅಕ್ಕ ಅದನ್ನು ಮನಸ್ಸಿಗೇ ಹಚ್ಚಿಕೊಳ್ಳಲಿಲ್ಲ. ಮಾಲೀಕರ ಖುಷಿ ಆರುವ ಮೊದಲೇ, “ಹಂಗಾರ ನಮಗ ಇಲ್ಲೊಂದ ತಗಡಿನ ನೆರಳ ಹಾಕಸ್ರಿ ಮಾಲಕರ, ನೆತ್ತಿ ಸುಡತೈತಿ,” ಅಂದಳು. ಆ ಹುರುಪಿನಲ್ಲಿ ಅವರು ಹೂಂ ಅಂದರು. ವಾರದೊಳಗೆ ನೆರಳು ಬಂತು.

ಮೊನ್ನೆ ಆ ಮಿಲ್ಲಿಗೆ ಫೋನು ಮಾಡಿ ಅಕ್ಕ ಇದ್ದಾಳೆಯೇ ಎಂದು ಕೇಳಿದೆ. ಎತ್ತಿದವಳು ಆಕೆಯ ಮಗಳು. ಈಗ ಫ್ಯಾನು ನೋಡಿಕೊಳ್ಳುವವಳು ಅವಳೇ ಅಂತೆ.

“ಅವ್ವ ಹೋಗಿ ಎರಡ ವರ್ಷ ಆತ್ರಿ,” ಅಂದಳು.

ನಾನು ಯಾರೆಂದು ಹೇಳಿದಾಗ ಅವಳ ದನಿ ಅರಳಿತು. “ನೀವ ಏನ್ರಿ ಆ ಬಾಯಾರು? ಇಂಜಿನಿಯರಿಗೆ ನಾನ ಪಾಠ ಹೇಳೇನಿ ಅಂತ ಅವ್ವ ಊರ ತುಂಬ ಹೇಳಕೋತ ಅಡ್ಡಾಡತಿದ್ಳರಿ. ಖರೇ ಏನ್ರಿ ಅದು?”

“ಖರೇನ ಐತಿ ತಂಗಿ,” ಅಂದೆ.

ಅವಳು ಜೋರಾಗಿ ನಕ್ಕಳು. ನಾನೂ ನಕ್ಕೆ. ಆ ಮಾತನ್ನು ಅವತ್ತು ಮಾಲೀಕರ ಎದುರಿಗೆ, ಅಕ್ಕನಿಗೆ ಕೇಳುವ ಹಾಗೆ ಹೇಳಬೇಕಿತ್ತು...